ಕಂಡಕ್ಟರ್ ಚೆಲುವಯ್ಯನ ಅಪೀಲು

ತಿ. ನರಸೀಪುರದ ಕೋರ್ಟಿನ ಎದುರು ಪುಟ್ಟಬಸವಯ್ಯ ಎಂಬ ವಕೀಲರ ಹತ್ತಿರ ನಾನು ಬಹಳ ಕಾಲ ಗುಮಾಸ್ತನಾಗಿದ್ದೆ. ಕಕ್ಷಿದಾರರ ಕಣ್ಣೀರಿಗೆ ಕರಗಬಾರದು ಎನ್ನುವುದು ಆ ಕೆಲಸದ ಮೊದಲ ಪಾಠ. ನಾನು ಅದನ್ನು ಚೆನ್ನಾಗಿಯೇ ಕಲಿತಿದ್ದೆ. ಆದರೆ ಚೆಲುವಯ್ಯನ ಕೇಸು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅವನ ಮೇಲಲ್ಲ, ಅವನನ್ನು ಹೊಗಳಿದವರ ಮೇಲೆ. ಹೊಗಳಿ ಅಟ್ಟಕ್ಕೇರಿಸುತ್ತಾರೆ ಎನ್ನುವುದನ್ನು ಕೇಳಿದ್ದೆ; ಹೊಗಳಿ ಜೈಲಿನ ಬಾಗಿಲಿಗೆ ತಂದು ನಿಲ್ಲಿಸಿದ್ದನ್ನು ಕಂಡದ್ದು ಅದೇ ಮೊದಲು.

ಚೆಲುವಯ್ಯ ನಂಜನಗೂಡಿಗೂ ನರಸೀಪುರಕ್ಕೂ ನಡುವೆ ಓಡಾಡುವ ಒಂದು ಖಾಸಗಿ ಬಸ್ಸಿನ ಕಂಡಕ್ಟರ್. ಊರು ದಾರಿಯ ಮಧ್ಯದ ಮಾವಿನಹುಂಡಿ. ಅಲ್ಲಿನ ಅಂಬೇಡ್ಕರ್ ಬೀದಿಯಲ್ಲಿ ಮನೆ, ಗೋಡೆಯ ಮೇಲೆ ಬುದ್ಧನ ಪಟ, ಬಾಯಿ ಜೋರಿನ ಆದರೆ ಮನಸ್ಸು ಮೆತ್ತಗಿನ ಹೆಂಡತಿ ಮಂಚಮ್ಮ. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದ. ಅಕ್ಷರ ಚೆನ್ನಾಗಿತ್ತು. ಅಕ್ಷರ ಚೆನ್ನಾಗಿದ್ದರೆ ಉದ್ಧಾರವಾಗುತ್ತೀಯ ಎಂದು ಅವನ ಮೇಷ್ಟರು ಹೇಳಿದ್ದರಂತೆ. ಪಾಪ, ಮೇಷ್ಟರಿಗೇನು ಗೊತ್ತು.

ಆ ದಾರಿಯ ಹಳ್ಳಿಗಳಲ್ಲಿ ಆಗ ಮೆಡಿಕಲ್ ಶಾಪು ಇರಲಿಲ್ಲ. ಒಂದು ಮಾತ್ರೆಗಾಗಿ ನರಸೀಪುರಕ್ಕೆ ಹೋಗಿ ಬರುವುದೆಂದರೆ ಅವತ್ತಿನ ಕೂಲಿ ಹೋದ ಹಾಗೆ. ಅದಕ್ಕೆ ಜನ ಬೆಳಗಿನ ಬಸ್ಸಿಗೆ ಕೈ ಅಡ್ಡ ಹಾಕಿ, ಡಾಕ್ಟರು ಬರೆದುಕೊಟ್ಟ ಚೀಟಿಯನ್ನೂ ದುಡ್ಡನ್ನೂ ಕಂಡಕ್ಟರನ ಕೈಗೆ ತುರುಕುತ್ತಿದ್ದರು. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಮಾತ್ರೆಯ ಪೊಟ್ಟಣ ಇಳಿಯುತ್ತಿತ್ತು. ಆ ಕಡೆಯ ಕಂಡಕ್ಟರುಗಳೆಲ್ಲ ಈ ಕೆಲಸ ಮಾಡುತ್ತಿದ್ದರು. ಚೆಲುವಯ್ಯ ಅದನ್ನು ಬೇರೆಯವರಿಗಿಂತ ಶ್ರದ್ಧೆಯಿಂದ ಮಾಡುತ್ತಿದ್ದ, ಅಷ್ಟೆ. ಟಿಕೆಟಿನ ಕಟ್ಟು ಬಲಗಡೆಯ ಜೇಬಿನಲ್ಲಿ, ಚೀಟಿಗಳು ಎಡಗಡೆಯ ಜೇಬಿನಲ್ಲಿ. ಚೀಟಿ ಇಲ್ಲದೆ ಬಾಯಿಮಾತಿನಲ್ಲಿ "ತಲೆನೋವಿಗೇನಾರ ತಾರಪ್ಪ" ಎಂದವರಿಗೆ "ನಾನೇನು ಡಾಕ್ಟ್ರಾ? ಬಸ್ ಹತ್ತಿ, ಆಸ್ಪತ್ರೆ ತಾವು ಇಳುಸ್ತೀನಿ" ಎಂದು ಬೈಯುತ್ತಿದ್ದ. ಈ ಬೈಗುಳ ಯಾರಿಗಾದರೂ ಸಮಯಕ್ಕೆ ಸರಿಯಾಗಿ ನೆನಪಾಗಿದ್ದರೆ ನಾನು ಈ ಕಥೆ ಬರೆಯಬೇಕಾಗಿರಲಿಲ್ಲ.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಮಾವಿನಹುಂಡಿಯ ಗಂಗಾಧರಸ್ವಾಮಿ ಹಾಸಿಗೆ ಹಿಡಿದರು. ಶಿವಾಚಾರದವರು, ಕಬ್ಬಿನ ಗದ್ದೆ, ಸ್ವಂತ ಆಲೆಮನೆ. ಬೆನ್ನುಮೂಳೆಗೆ ಕ್ಯಾನ್ಸರ್ ಹತ್ತಿತ್ತು. ಮೈಸೂರಿನ ದೊಡ್ಡಾಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ನರಸೀಪುರದ ಡಾಕ್ಟರೊಬ್ಬರು ನೋವಿಗೆ ಬಲವಾದ ಮಾತ್ರೆ ಬರೆದರು. ಅದು ಚೀಟಿ ಇಲ್ಲದೆ ಕೊಡುವ ಮಾತ್ರೆಯಲ್ಲ, ಒಂದು ಚೀಟಿಗೆ ಒಂದೇ ಸಲ. ಮತ್ತೆ ಬೇಕಾದರೆ ರೋಗಿಯನ್ನು ಕರೆತನ್ನಿ, ನೋಡಿ ಬರೆಯುತ್ತೇನೆ ಎಂದರು ಡಾಕ್ಟರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಕಾನೂನು ಇರುವುದೇ ಹಾಗೆ. ಎರಡನೇ ಸಲ ವ್ಯಾನಿನಲ್ಲಿ ಮಲಗಿಸಿ ಕರೆದೊಯ್ದರು. ಆ ಗುಂಡಿಬಿದ್ದ ರಸ್ತೆಯಲ್ಲಿ ಮನುಷ್ಯ ಅನುಭವಿಸಿದ ಯಾತನೆ ನೋಡಲಾಗದೆ ಡ್ರೈವರೇ ಎರಡು ಕಡೆ ಗಾಡಿ ನಿಲ್ಲಿಸಿದನಂತೆ. ಮನೆಗೆ ಬಂದ ಮೇಲೆ ಗಂಗಾಧರಸ್ವಾಮಿ ಹೆಂಡತಿಗೆ ಹೇಳಿದ್ದು ಒಂದೇ ಮಾತು, "ಇನ್ನು ನನ್ನನ್ನ ಎತ್ತಬೇಡಿ."

ಇಲ್ಲಿಂದ ಮುಂದೆ ಮಾತ್ರೆ ಬಂದದ್ದು ಚೆಲುವಯ್ಯನ ಕೈಬರಹದಲ್ಲಿ. ನಂಜನಗೂಡಿನ ಪ್ರೆಸ್ಸಿನಲ್ಲಿ ಅಚ್ಚಾದ ಆ ಡಾಕ್ಟರ ಚೀಟಿಪುಸ್ತಕಗಳು ನರಸೀಪುರಕ್ಕೆ ಬರುತ್ತಿದ್ದದ್ದೂ ಇವನ ಬಸ್ಸಿನಲ್ಲೇ. ಕಟ್ಟು ಬಿಚ್ಚಿ ಕೆಲವು ಹಾಳೆ ಹರಿದುಕೊಂಡ. ಹಳೆಯ ಚೀಟಿ ಮುಂದಿಟ್ಟುಕೊಂಡು ಹಾಗೆಯೇ ನಕಲು ಮಾಡಿದ, ಸಹಿಯನ್ನೂ ಮಾಡಿದ. ನಂಬಿ ಕೊಟ್ಟ ಕಟ್ಟನ್ನು ಬಿಚ್ಚಿದ್ದು ತಪ್ಪು, ಸಹಿ ಮಾಡಿದ್ದು ಇನ್ನೂ ದೊಡ್ಡ ತಪ್ಪು. ನಾನು ಕೋರ್ಟಿನ ಅನ್ನ ತಿಂದವನು, ಇದನ್ನು ಬೇರೆ ಹೆಸರಿನಿಂದ ಕರೆಯಲಾರೆ.

ಗಂಗಾಧರಸ್ವಾಮಿ ತೀರಿಕೊಂಡ ಕೆಲವು ವಾರದ ಮೇಲೆ ಔಷಧಿ ಇನ್ಸ್‌ಪೆಕ್ಟರು ನರಸೀಪುರದ ಮೆಡಿಕಲ್ ಶಾಪು ತನಿಖೆ ಮಾಡಿದರು. ಒಂದೇ ರೋಗಿಯ ಹೆಸರಿನಲ್ಲಿ ಅಷ್ಟು ಚೀಟಿ ಕಂಡು ಡಾಕ್ಟರಿಗೆ ತೋರಿಸಿದರು. ಸಹಿ ನನ್ನದಲ್ಲ ಎಂದರು ಡಾಕ್ಟರು. ಚೀಟಿ ತರುತ್ತಿದ್ದವನು ಬಸ್ಸಿನ ಕಂಡಕ್ಟರ್ ಎಂದರು ಅಂಗಡಿಯವರು. ಪೊಲೀಸರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸಿ ಕೇಳಿದಾಗ ಚೆಲುವಯ್ಯ ಟಿಕೆಟ್ ಹರಿಯುತ್ತಿದ್ದವನು ತಲೆ ಎತ್ತಿ, "ನಾನೇ ಬರ್ದಿದ್ದು ಸಾ" ಎಂದ. ಇಂಥ ಕಕ್ಷಿದಾರನನ್ನು ಕಟ್ಟಿಕೊಂಡು ವಕೀಲರು ಏನು ಮಾಡಬೇಕು?

ಪುಟ್ಟಬಸವಯ್ಯನವರು ತಲೆ ಚಚ್ಚಿಕೊಂಡರು. "ಇಲ್ಲ ಅನ್ನಯ್ಯ, ಸಹಿ ನಿಂದು ಅಂತ ಅವರು ರುಜುವಾತು ಮಾಡ್ಲಿ" ಎಂದು ಎಷ್ಟು ಹೇಳಿದರೂ ಇವನದು ಒಂದೇ ಹಟ. "ಬರ್ದಿವ್ನಲ್ಲ ಸಾ, ಇಲ್ಲ ಅಂತ ಎಂಗೇಳ್ಲಿ?" ಯಾಕೆ ಬರೆದೆ, ಯಾರು ಬರೆಯಲು ಹೇಳಿದರು ಎಂದು ಕೇಳಿದರೆ, "ಯಾರೂ ಏಳ್ಲಿಲ್ಲ. ಮನ್ಸು ತಡೀಲಿಲ್ಲ" ಎನ್ನುತ್ತಿದ್ದ. ಗಂಗಾಧರಸ್ವಾಮಿಯ ಮನೆಯಿಂದ ಯಾರೂ ಸಾಕ್ಷಿಗೆ ಬರಲಿಲ್ಲ. ಮಗ ನಂಜುಂಡೇಶ್, ಚೀಟಿ ಎಲ್ಲಿಂದ ಬಂತೋ ನಮಗೆ ತಿಳಿಯದು ಎಂದು ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದ. ಮಾತ್ರೆ ನುಂಗಿಸಿದವರೂ ಅಪರಾಧಿಗಳಾಗುತ್ತಾರೇನೋ ಎಂಬ ಭಯ ಅವನಿಗೆ. ಅದರ ಮೇಲೆ ಮನೆತನದ ಮಾನ. ಭಯಕ್ಕೆ ಮಾನ ಜೊತೆಯಾದರೆ ಮನುಷ್ಯನ ಬಾಯಿಗೆ ಬೀಗ ಬಿದ್ದಂತೆ.

ತಪ್ಪು ಒಪ್ಪಿಕೊಂಡ ಮೇಲೆ ಉಳಿದ ದಾರಿ ಪ್ರೊಬೇಷನ್ ಒಂದೇ. ಮೊದಲ ಸಲ ತಪ್ಪು ಮಾಡಿದವನನ್ನು ಜೈಲಿಗೆ ಕಳಿಸದೆ, ಇನ್ನು ಮೇಲೆ ಸರಿಯಾಗಿ ನಡೆದುಕೊಳ್ಳುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು, ಒಬ್ಬ ಅಧಿಕಾರಿಯ ಕಣ್ಗಾವಲಿನಲ್ಲಿ ಮನೆಗೆ ಬಿಡುವುದು. ನಮ್ಮ ವಕೀಲರು ಅದನ್ನು ಕೇಳಿದರು. ಮ್ಯಾಜಿಸ್ಟ್ರೇಟರು ಒಪ್ಪಿ, ಆರೋಪಿಯ ನಡತೆ ಎಂಥದೆಂದು ಊರಿನಲ್ಲಿ ವಿಚಾರಿಸಿ ವರದಿ ಕೊಡಿ ಎಂದು ಪ್ರೊಬೇಷನ್ ಆಫೀಸರಿಗೆ ಹೇಳಿದರು. ಇಂದ್ರಾಣಿ ಎಂಬ ಆಕೆ ಮೈಸೂರಿನಿಂದ ಬಂದರು. ವಯಸ್ಸು ಚಿಕ್ಕದು, ಕೆಲಸದಲ್ಲಿ ಕಟ್ಟುನಿಟ್ಟು.

ಮಾವಿನಹುಂಡಿಯ ಜನ ಚೆಲುವಯ್ಯನನ್ನು ಉಳಿಸಲು ತುದಿಗಾಲಲ್ಲಿ ನಿಂತಿದ್ದರು. ಚೆಲುವಯ್ಯನ ಷಡ್ಡಕ ಕರಿಯಯ್ಯ ಎಲ್ಲರಿಗಿಂತ ಮುಂದೆ. "ಅವ ಇಲ್ದಿದ್ರೆ ನಮ್ಗ್ಯಾರವ್ರೆ ಮೇಡಮ್ಮಾರೆ? ಅದಿನೈದು ವರ್ಸದಿಂದ ನಮ್ಗೆಲ್ಲ ಔಸ್ತಿ ಕೊಡ್ತಿರೋನೇ ಅವ." ಇನ್ನೊಬ್ಬರು, "ಡಾಕ್ಟ್ರತ್ರ ಯಾಕೋಗಾವ? ನಮ್ಮ ಪಾಲ್ಗೆ ಅವನೇ ಡಾಕ್ಟ್ರು" ಎಂದರು. ಒಬ್ಬ ಮುದುಕಿ ಮೊಮ್ಮಗನ ಜ್ವರ ಇಳಿಸಿದ್ದು ಚೆಲುವಯ್ಯನ ಮಾತ್ರೆಯೇ ಎಂದು ದೇವರ ಮೇಲೆ ಆಣೆ ಇಟ್ಟಳು. ಅವರಿಗೆ ತಂದುಕೊಡುವುದಕ್ಕೂ ಕೊಡುವುದಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ. ಉಪಕಾರ ಮಾಡಿದವನನ್ನು ಎಷ್ಟು ದೊಡ್ಡವನನ್ನಾಗಿ ಹೇಳಿದರೂ ಕಡಿಮೆಯೇ ಎಂಬುದು ನಮ್ಮ ಕಡೆಯ ರೀತಿ. ಮದುವೆ ಮನೆಯಲ್ಲಿ ಅದು ನಡೆಯುತ್ತದೆ. ಇಂದ್ರಾಣಿ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದುಕೊಂಡು ಹೋದರು.

ತೀರ್ಪಿನ ದಿನ ಕರಿಯಯ್ಯ ಸೇವಂತಿಗೆ ಹಾರ ತಂದಿದ್ದ. ಮ್ಯಾಜಿಸ್ಟ್ರೇಟರು ವರದಿಯನ್ನು ಓದಿ ಹೇಳಿದರು. ಆರೋಪಿ ಒಂದು ಸಲ ಎಡವಿದವನಲ್ಲ. ಹದಿನೈದು ವರ್ಷದಿಂದ ಹಳ್ಳಿಯವರಿಗೆಲ್ಲ ಹೀಗೆಯೇ ಸುಳ್ಳು ಚೀಟಿ ಬರೆದು ಔಷಧಿ ಕೊಡುತ್ತ, ಡಾಕ್ಟರೆಂದು ಕರೆಸಿಕೊಳ್ಳುತ್ತ ಬಂದವನು. ಇಂಥವನನ್ನು ಬಿಟ್ಟರೆ ಜನರ ಪ್ರಾಣಕ್ಕೆ ಅಪಾಯ. ಪ್ರೊಬೇಷನ್ ಇಲ್ಲ, ಒಂದು ವರ್ಷ ಜೈಲು. ಕರಿಯಯ್ಯನಿಗೆ ಅರ್ಥವಾಗಲಿಲ್ಲ. "ನಾವೇಳಿದ್ನೆಲ್ಲ ಜಡ್ಜು ಸಾಹೇಬ್ರು ಓದುದ್ರಲ್ಲ, ಮತ್ಯಾಕೆ ಬುಡ್ಲಿಲ್ಲ?" ಎಂದು ನನ್ನನ್ನೇ ಕೇಳಿದ. ನನಗೆ ಬಂದ ಸಿಟ್ಟಿಗೆ ಆ ಹಾರವನ್ನು ಅವನ ಕೊರಳಿಗೇ ಹಾಕಬೇಕೆನಿಸಿತು.

ಅಪೀಲು ಮುಗಿಯುವ ತನಕ ಜಾಮೀನು ಸಿಕ್ಕಿತು. ಬಸ್ಸಿನ ಮಾಲೀಕರು ಕೇಸು ಮುಗಿಯಲಿ ಎಂದು ಮನೆಗೆ ಕಳಿಸಿದ್ದರು. ಚೆಲುವಯ್ಯ ಕಬ್ಬು ಕಡಿಯಲು ಹೋಗುತ್ತಿದ್ದ. ಕಂಡಕ್ಟರ್ ಕೆಲಸ ಮಾಡಿದ ಮೈ, ಅಂಗೈಯೆಲ್ಲ ಬೊಬ್ಬೆ. ಒಂದು ದಿನ ವಕಾಲತ್ತಿಗೆ ಸಹಿ ಹಾಕಲು ಬಂದವನು ಪೆನ್ನು ಹಿಡಿಯಲಾಗದೆ ಒದ್ದಾಡಿದ.

"ಜೈಲಿಗೋಗಕ್ಕೆ ರೆಡಿ ಇವ್ನಿ ನಿಂಗರಾಜಣ್ಣ" ಎಂದ ನನಗೆ. "ಕೇಸಾದ ಮ್ಯಾಕೆ ಕಂಡಕ್ಟರ್ ಬ್ಯಾಜು ಓಯ್ತದೆ, ಓಗ್ಲಿ. ಆದ್ರೆ ಎಲ್ಲಾರ್ಗೂ ಸುಳ್ಳು ಚೀಟಿ ಬರ್ಕೊಟ್ಟ ಅಂತ ಬರ್ದವ್ರಲ್ಲ. ನಾನು ಒಂದ್ ಮನೆಗ್ ಬಿಟ್ರೆ ಯಾರ್ಗೂ ಬರ್ದೋನಲ್ಲ. ಆ ಮಾತೊಂದ್ನ ಅಳುಸ್ಕೊಡಿ."

ಮಂಚಮ್ಮ ಪಕ್ಕದಲ್ಲೇ ಇದ್ದಳು. "ಇವ್ರು ರೆಡಿ ಇದ್ರೆ ಆಯ್ತಾ? ನಾನ್ ರೆಡಿ ಇಲ್ಲ" ಎಂದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮೈಸೂರಿನ ಸೆಷನ್ಸ್ ಕೋರ್ಟಿನಲ್ಲಿ ಪುಟ್ಟಬಸವಯ್ಯನವರು ಅಂದು ವಾದಿಸಿದ ಹಾಗೆ ಮತ್ತೆಂದೂ ವಾದಿಸಲಿಲ್ಲ. ವರದಿಯಲ್ಲಿ ಇರುವುದು ಊರವರ ಪ್ರೀತಿಯೇ ಹೊರತು ಆರೋಪಿಯ ಅಪರಾಧವಲ್ಲ. ಸುಳ್ಳು ಚೀಟಿಯೆಂದು ಸಿಕ್ಕಿದ್ದೆಲ್ಲ ಒಬ್ಬನೇ ರೋಗಿಯ ಹೆಸರಿನದು. ಬೇರೆಯವರಿಗೆ ಬರೆದಿದ್ದರೆ ಅದು ಎಲ್ಲಿ? ಸರ್ಕಾರಿ ವಕೀಲರು ಬಿಡಲಿಲ್ಲ. ಸಿಕ್ಕಿಬಿದ್ದದ್ದು ಇಷ್ಟು, ಸಿಕ್ಕದ್ದು ಎಷ್ಟೋ ಎಂದರು. ಜಡ್ಜು, ಪ್ರೊಬೇಷನ್ ಆಫೀಸರು ಇನ್ನೊಮ್ಮೆ ಹೋಗಿ ಸರಿಯಾಗಿ ವಿಚಾರಿಸಿ ಬರಲಿ, ಆಮೇಲೆ ನೋಡೋಣ ಎಂದರು. ಅಂದರೆ ಚೆಲುವಯ್ಯನ ಹಣೆಬರಹ ಮತ್ತೆ ಮಾವಿನಹುಂಡಿಯವರ ಬಾಯಿಗೆ ಬಿತ್ತು.

ಈ ಸಲ ವಕೀಲರು ತಾವೇ ಊರಿಗೆ ಹೋಗಿ ಜನರನ್ನು ಸೇರಿಸಿ, "ಕೇಳಿದ್ದಕ್ಕಷ್ಟೇ ಉತ್ತರ ಹೇಳಿ. ಹೊಗಳಬೇಡಿ, ನಿಮ್ಮ ದಮ್ಮಯ್ಯ" ಎಂದು ಕೈಮುಗಿದು ಬಂದರು. ಜನ ಒಪ್ಪಿದರು. ಅವರು ಒಪ್ಪಿದ ರೀತಿ ನೋಡಿ ನನಗೆ ಆಗಲೇ ಅನುಮಾನವಾಗಿತ್ತು.

ಇಂದ್ರಾಣಿ ಬಂದ ದಿನ ಮನೆ ತೋರಿಸಲು ನಾನು ಜೊತೆಯಲ್ಲಿ ಹೋಗಿದ್ದೆ. ಊರು ಊರೇ ಮೂಕವಾಗಿತ್ತು. ಚೆಲುವಯ್ಯ ಔಷಧಿ ತರುತ್ತಿದ್ದನೆ ಎಂದರೆ ಗೊತ್ತಿಲ್ಲ. ಒಳ್ಳೆಯವನೆ ಎಂದರೆ ಗೊತ್ತಿಲ್ಲ. ಕರಿಯಯ್ಯನನ್ನು, "ಚೆಲುವಯ್ಯ ನಿಮಗೆ ಗೊತ್ತೇನ್ರಿ?" ಎಂದು ಕೇಳಿದರೆ ಆ ಮಹಾಶಯ ಆಕಾಶ ನೋಡುತ್ತ, "ಯಾವ ಚೆಲ್ವಯ್ಯ?" ಎಂದ. ಇಬ್ಬರೂ ಅಕ್ಕತಂಗಿಯರನ್ನು ಮದುವೆಯಾದವರು, ಒಂದೇ ಗೋಡೆಯ ಆಚೆ ಈಚೆ ಇರುವವರು. ಇಂದ್ರಾಣಿ ಬ್ಯಾಗಿನ ಜಿಪ್ಪು ಎಳೆದು ಎದ್ದರು. "ಮೊದಲ ಸಲ ಎಲ್ಲರೂ ಒಂದೇ ಪಾಠ ಹೇಳಿದ್ರು, ಈ ಸಲವೂ ಅಷ್ಟೇ. ಯಾರೋ ಹೇಳಿಕೊಟ್ಟಿದಾರೆ. ನಾನು ಹಾಗೇ ಬರೀಬೇಕಾಗುತ್ತೆ" ಎಂದರು. ಬಸ್ ನಿಲ್ಲುವ ಮರದ ಕೆಳಗೆ ಹೋಗಿ ಆಕೆಯ ಜೊತೆ ನಿಂತೆ. ಹಿಂದೆಯೇ ಜನವೂ ಬಂದು ದೂರದಲ್ಲಿ ಗುಂಪಾಗಿ ನಿಂತರು.

ಆಗ ಮೇಲಿನ ಬೀದಿಯಿಂದ ಒಬ್ಬ ಹೆಂಗಸು ನಡೆದು ಬಂದರು. ಹಣೆಯಲ್ಲಿ ವಿಭೂತಿ, ಬರಿಗಾಲು. ಗಂಗಾಧರಸ್ವಾಮಿಯ ಹೆಂಡತಿ ರುದ್ರಮ್ಮ. ಗಂಡ ಸತ್ತಾಗಿನಿಂದ ಆಕೆ ಹೊಸ್ತಿಲು ದಾಟಿರಲಿಲ್ಲ. ಹಿಂದೆಯೇ ನಂಜುಂಡೇಶ್ ಓಡಿ ಬಂದ.

"ಅವ್ವ, ಒಳಿಕ್ ನಡಿ. ನಮ್ಗೇನಾಗ್ಬೇಕು ಇದರಿಂದ?"

"ನಿಮ್ಮಪ್ಪ ಕಿರುಚ್ತಿದ್ದಾಗ ನೀನು ತಡೀನಾರ್ದೆ ಆಲೆಮನೆಗೋಗಿ ಮಲಗ್ತಿದ್ದೆ" ಎಂದರು ರುದ್ರಮ್ಮ, ಮಗನ ಕಡೆ ತಿರುಗದೆ. "ನೀನ್ ಅದ ಪೂರಾ ಕೇಳಿಲ್ಲ. ನಾನ್ ಕೇಳಿವ್ನಿ."

ನಂಜುಂಡೇಶ್ ಅಲ್ಲೇ ನಿಂತುಬಿಟ್ಟ. ಅವನೇನೂ ಕೆಟ್ಟ ಹುಡುಗನಲ್ಲ. ಅಪ್ಪನ ಮೇಲೆ ಪ್ರಾಣ ಇಟ್ಟುಕೊಂಡವನು.

ರುದ್ರಮ್ಮ ಇಂದ್ರಾಣಿಯ ಎದುರು ಬಂದು ನಿಂತರು. "ಬರ್ಕೋ ತಾಯಿ. ಆ ಮಾತ್ರೆ ತಾ ಅಂದೋಳು ನಾನು. ಚೆಲ್ವಯ್ಯ ಆಗಲ್ಲ ಅವ್ವಾರೆ, ಅದು ತಪ್ಪಾಯ್ತದೆ ಅಂದ. ಎರಡು ದಿನ ಅಂಗೇ ಅಂದ. ಮೂರನೇ ದಿನ ಕತ್ತಲಾದ ಮ್ಯಾಲೆ ಅವ ಒಬ್ನೇ ಇದೇ ಮರದ ತಾವು ಬಸ್ಸಿಂದ ಇಳ್ದಾಗ, ನಾನು ಬಗ್ಗಿ ಅವನ ಕಾಲು ಹಿಡಿದೆ."

ಆ ಊರಿನಲ್ಲಿ ಮೇಲಿನ ಬೀದಿಯವರು, ಅಂಬೇಡ್ಕರ್ ಬೀದಿಯವನು ತಂದ ಪೊಟ್ಟಣವನ್ನು ಜಗಲಿಯ ಮೇಲೆ ಇಡಿಸಿ, ಅವನು ದೂರ ಸರಿದ ಮೇಲೆ ಎತ್ತಿಕೊಳ್ಳುವುದು ನಡೆದುಬಂದ ಪದ್ಧತಿ. ಅಂಥ ಮನೆಯ ಹೆಂಗಸು ಅವನ ಕಾಲು ಹಿಡಿದರೆಂದರೆ ಅದು ಇಬ್ಬರಿಗೂ ಎಂಥ ಹೆದರಿಕೆಯ ಗಳಿಗೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಅವ ನಡುಗೋದ" ಎಂದರು ರುದ್ರಮ್ಮ. "ಯಾರಾದ್ರೂ ನೋಡ್ಯಾರು, ಏಳಿ ಅವ್ವಾರೆ, ತಂದ್ಕೊಡ್ತೀನಿ, ಯಾರ್ಗೂ ಏಳ್ಬೇಡಿ ಅಂದ. ನಾನೂ ಹೇಳ್ಲಿಲ್ಲ, ಅವನೂ ಹೇಳ್ಲಿಲ್ಲ. ನನ್ನ ಮಾನ ಉಳ್ಸಕ್ಕೆ ಅವ ಜೈಲಿಗೋಯ್ತಾವ್ನೆ. ಇನ್ನು ಆ ಮಾನ ಕಟ್ಕೊಂಡು ನಾನೇನ್ ಮಾಡ್ಲಿ?"

ಇಂದ್ರಾಣಿ ಬ್ಯಾಗು ತೆರೆದು ಮರದ ಬುಡದಲ್ಲೇ ಕುಳಿತರು. "ಬೇರೆ ಯಾರಿಗಾದರೂ ಬರೆದುಕೊಟ್ಟಿದ್ದನೇನಮ್ಮ?"

"ಇಲ್ಲ. ನಮ್ಮೆಜಮಾನ್ರ ಮಣ್ಣಾದ ಮಾರನೇ ದಿನ ಬಂದ. ಉಳ್ದ ಹಾಳೇನೆಲ್ಲ ತಂದಿದ್ದ. ಬಚ್ಚಲೊಲೆ ಬಾಯಿ ನಮ್ಮ ಮನೆ ಹೊರಗಡೆ ಐತೆ, ಅದಕ್ಕೆ ಹಾಕ್ದ. ಉರ್ದು ಬೂದಿ ಆಗೋವರ್ಗೂ ನಿಂತಿದ್ದ. ಇನ್ನು ನಿಮ್ಗೂ ಬೇಡ, ನನ್ಗೂ ಬೇಡ ಅಂದ."

ಅಷ್ಟರಲ್ಲಿ ಕರಿಯಯ್ಯನ ಕಟ್ಟೆ ಒಡೆಯಿತು. "ಅವ ಎಲ್ಲಿ ಬರೀತಿದ್ದ ಮೇಡಮ್ಮಾರೆ? ಚೀಟಿ ಇಲ್ದೆ ಕೇಳುದ್ರೆ ಉಗೀತಿದ್ದ. ಡಾಕ್ಟ್ರು ಬರ್ದಿದ್ನ ತಂದ್ಕೊಡ್ತಿದ್ದ, ಅಷ್ಟೇಯ."

"ಇದನ್ನ ಅವತ್ತೇ ಹೇಳಬಾರದಾಗಿತ್ತೇನ್ರಿ?" ಎಂದರು ಇಂದ್ರಾಣಿ.

"ಅದ್ನ ನೀವು ಕೇಳ್ಲಿಲ್ವಲ್ಲ" ಎಂದ ಕರಿಯಯ್ಯ. ಕೇಳಿರಲಿಲ್ಲವೆನ್ನುವುದೂ ನಿಜವೇ ಆಗಿತ್ತು. ಅವತ್ತು ಎರಡು ಬಸ್ಸು ಬಂದು ಹೋದವು. ಇಂದ್ರಾಣಿ ಎಲ್ಲರನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಕೇಳಿದರು.

ಎರಡು ಸಾವಿರದ ಒಂದನೇ ಇಸವಿಯಲ್ಲಿ ಅಪೀಲು ತೀರ್ಮಾನವಾಯಿತು. ಅಪರಾಧ ಅಪರಾಧವೇ, ಅದು ಹಾಗೆಯೇ ಉಳಿಯುತ್ತದೆ ಎಂದರು ಜಡ್ಜು. ಆದರೆ ಹಳ್ಳಿಯವರಿಗೆಲ್ಲ ಸುಳ್ಳು ಚೀಟಿ ಬರೆದುಕೊಟ್ಟನೆಂಬುದಕ್ಕೆ ಆಧಾರವಿಲ್ಲ, ಕೆಳಗಿನ ಕೋರ್ಟಿನ ತೀರ್ಪಿನ ಆ ಮಾತನ್ನು ತೆಗೆದುಹಾಕಿದೆ. ಜೈಲಿನ ಬದಲು ಎರಡು ವರ್ಷ ಪ್ರೊಬೇಷನ್. ಮುಚ್ಚಳಿಕೆ, ಒಬ್ಬರ ಜಾಮೀನು, ಮತ್ತು ಒಂದು ಷರತ್ತು: ಈ ಎರಡು ವರ್ಷ ಯಾರ ಚೀಟಿಯನ್ನೂ ಯಾರ ಔಷಧಿಯನ್ನೂ ಮುಟ್ಟಕೂಡದು.

ಆ ಷರತ್ತಿನಿಂದ ಊರವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಪ್ರೊಬೇಷನ್ ಆದ್ದರಿಂದ ಬ್ಯಾಜು ಉಳಿದಿತ್ತು, ಮಾಲೀಕರು ಅವನನ್ನು ಮತ್ತೆ ಬಸ್ಸಿಗೆ ಸೇರಿಸಿಕೊಂಡರು. ಜನ ಅಭ್ಯಾಸಬಲದಿಂದ ಕಿಟಕಿಯಲ್ಲಿ ಚೀಟಿ ಚಾಚುತ್ತಿದ್ದರು. ಚೆಲುವಯ್ಯ ಎರಡೂ ಕೈ ಹಿಂದೆ ಕಟ್ಟಿಕೊಂಡು, "ಮುಟ್ಟಂಗಿಲ್ಲ, ಬಸ್ ಅತ್ತಿ, ಅತ್ತಿ" ಎನ್ನುತ್ತಿದ್ದ. ಹತ್ತಿದವರು ಹತ್ತಿದರು. ಕೂಲಿ ಬಿಡಲಾಗದವರು ಚೀಟಿ ಮಡಿಚಿಟ್ಟುಕೊಂಡು ಗದ್ದೆಗೆ ಹೋದರು. ಕಾನೂನಿಗೆ ಎಲ್ಲ ಕಡೆಯೂ ಕಣ್ಣಿರುವುದಿಲ್ಲ.

ಆದರೆ ತೀರ್ಪಿನ ದಿನದ ಮಾತು ಇನ್ನೂ ಮುಗಿದಿಲ್ಲ. ಜಾಮೀನಿಗೆ ಕರಿಯಯ್ಯ ತಯಾರಾಗಿ ಬಂದಿದ್ದ. ನೋಡಿದರೆ ಅವನ ಜಮೀನು ಇನ್ನೂ ಸತ್ತುಹೋದ ತಾತನ ಹೆಸರಿನಲ್ಲೇ ಇತ್ತು. ಆಗುವುದಿಲ್ಲ ಎಂದರು ಶಿರಸ್ತೇದಾರರು. ಸಂಜೆಯೊಳಗೆ ಜಾಮೀನು ಕೊಡದಿದ್ದರೆ ಅವತ್ತು ಚೆಲುವಯ್ಯ ಜೈಲಿಗೇ ಹೋಗಬೇಕು. ಬೇರೆ ಯಾರಾದರೂ ಜಾಮೀನುದಾರರು ಸಿಗುತ್ತಾರೇನೋ ನೋಡು ಎಂದು ಪುಟ್ಟಬಸವಯ್ಯನವರು ನನ್ನನ್ನು ಹೊರಗೆ ಕಳಿಸಿದರು.

ಬಾಗಿಲಲ್ಲಿ ರುದ್ರಮ್ಮ ನಿಂತಿದ್ದರು. ಕೈಯಲ್ಲಿ ಪಹಣಿ, ಕಂದಾಯದ ರಸೀತಿ. ಗಂಡನ ಗದ್ದೆ ಆಕೆಯ ಹೆಸರಿಗೆ ಖಾತೆಯಾಗಿತ್ತು. ಕರೆದುಕೊಂಡು ಬಂದಿದ್ದವನು ನಂಜುಂಡೇಶನೇ. ಒಳಗೆ ಮಾತ್ರ ಬರಲಿಲ್ಲ, ಹೊರಗೆ ಮರದ ಕೆಳಗೆ ನಿಂತಿದ್ದ.

ಕಾಗದ ಸರಿಯಿತ್ತು. ಜಡ್ಜು ಎಲ್ಲ ಜಾಮೀನುದಾರರಿಗೂ ಕೇಳುವ ಪ್ರಶ್ನೆಯನ್ನು ಈಕೆಗೂ ಕೇಳಿದರು. "ಈತ ನಿಮಗೆ ಏನಾಗಬೇಕಮ್ಮ?"

ಈ ಪ್ರಶ್ನೆಗೆ ಭಾವ, ಸೋದರಮಾವ, ಅಣ್ಣನ ಮಗ ಎಂದು ಮುಖ ನೋಡದವರನ್ನೂ ನಂಟರಾಗಿಸಿ ಸುಳ್ಳು ಹೇಳಿದವರನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಅಂಥವರಿಗೆ ಹೇಳಿಕೊಡುವುದೇ ನನ್ನ ಕಸುಬಾಗಿತ್ತು. ರುದ್ರಮ್ಮನವರಿಗೆ ಏನೂ ಹೇಳಿಕೊಟ್ಟಿರಲಿಲ್ಲ.

"ಏನೂ ಆಗ್ಬೇಕಾಗಿಲ್ಲ ಸ್ವಾಮಿ" ಎಂದರು ಆಕೆ. "ನಮ್ಮೆಜಮಾನ್ರು ಕಡೇ ದಿನ ನನ್ನ ಹತ್ರ ಮಾತಾಡ್ಕೊಂಡೇ ಹೋದ್ರು. ಕಿರುಚ್ಕೊಂಡು ಹೋಗ್ಲಿಲ್ಲ. ಅಷ್ಟು ಮಾಡಿದೋನು ನನ್ಗೇನಾಗ್ಬೇಕು ಅಂತ ನೀವೇ ಬರ್ಕೊಳಿ."

ಶಿರಸ್ತೇದಾರರು ಪೆನ್ನು ಹಿಡಿದುಕೊಂಡು ಜಡ್ಜರ ಕಡೆ ನೋಡಿದರು. ಜಡ್ಜು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಜಾಗ ಹಾಗೇ ಬಿಡಿ, ಸಹಿ ತಗೊಳ್ಳಿ" ಎಂದರು. ರುದ್ರಮ್ಮ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಒಂದು ವರ್ಷ ಜೈಲು ಎಂದಾಗ ಕಣ್ಣು ಒದ್ದೆ ಮಾಡಿಕೊಳ್ಳದಿದ್ದ ಚೆಲುವಯ್ಯ ಕಟಕಟೆಯೊಳಗೆ ಕುಕ್ಕರಿಸಿ ಕುಳಿತು, ಎಲ್ಲರಿಗೂ ಕೇಳುವ ಹಾಗೆ ಅತ್ತುಬಿಟ್ಟ.